ಬೆಳ್ಳಿಯ ಹೊಟ್ಟೆಯೊಳಗಿನ ಕೆರೆ

ತುಮಕೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿ ಅರಸೀಕೆರೆಯಲ್ಲಿ ಇಳಿಯುವ ಹೊತ್ತಿಗೆ ನನ್ನ ತೊಡೆ ಜೋಮು ಹಿಡಿದಿತ್ತು. ದಾರಿಯುದ್ದಕ್ಕೂ ತೊಡೆಯ ಮೇಲೆ ಒಂದು ಮರದ ಪೆಟ್ಟಿಗೆ, ಅದರೊಳಗೆ ನಮ್ಮ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕ. ಎದುರು ಸೀಟಿನ ಅಜ್ಜ ಗುಬ್ಬಿಯಿಂದಲೂ ಅದನ್ನೇ ನೋಡುತ್ತಿದ್ದವನು ತಿಪಟೂರು ದಾಟಿದ ಮೇಲೆ ತಡೆಯಲಾರದೆ, "ಹಾರ್ಮೋನಿಯಮ್ಮಾ ತಾಯಿ?" ಎಂದು ಕೇಳಿದ. ನೀರಿನೊಳಗಿನ ಕಣ್ಣಿಗೆ ಕಾಣದ ಜೀವಗಳನ್ನು ನೋಡುವ ಯಂತ್ರ ಎಂದೆ. "ಹುಳ ಬಿದ್ದಿದ್ರೆ ನೀರು ಚೆಲ್ಲದು ಬಿಟ್ಟು ಅದ್ನೇನ್ ನೋಡದೈತೆ?" ಎಂದವನು ಮತ್ತೆ ನನ್ನ ಕಡೆ ತಿರುಗಲಿಲ್ಲ.

ನಾನು ತುಮಕೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವವಳು. ಬೇರೆಯವರು ಊರಿಗೆ ಹೋದರೆ ಸೀರೆ ತರುತ್ತಾರೆ, ಮಿಠಾಯಿ ತರುತ್ತಾರೆ. ನಾನು ಬಾಟಲಿಗಳಲ್ಲಿ ಕೆರೆಯ ನೀರು ತರುತ್ತೇನೆ. ನಮ್ಮ ಯಜಮಾನರು ನನ್ನ ಜೊತೆ ಪ್ರವಾಸ ಬರುವುದನ್ನು ನಿಲ್ಲಿಸಿ ಬಹಳ ವರ್ಷವಾಯಿತು. ಹೊಸ ಸಹಸ್ರಮಾನ ಬಂತೆಂದು ಎಲ್ಲರೂ ಸಂಭ್ರಮಿಸಿ ಸುಸ್ತಾಗಿದ್ದ ಆ ಮಾಘ ಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ನಾಗರತ್ನ ಹಳೇಬೀಡಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದಳು. ಅವಳು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಊಟದ ನೆಪದಲ್ಲಿ ಹಳೇಬೀಡಿನ ಕೆರೆ ಮತ್ತು ಹುಲಿಕೆರೆಯ ಮೆಟ್ಟಿಲು ಕಲ್ಯಾಣಿ ಎರಡರ ನೀರೂ ಸಿಗುತ್ತದೆ ಎಂಬ ಆಸೆಯಿಂದ ನಾನು ಆರು ಖಾಲಿ ಬಾಟಲಿಗಳೊಂದಿಗೆ ಹೊರಟಿದ್ದೆ.

ಅರಸೀಕೆರೆ ನಿಲ್ದಾಣದ ಹೊರಗೆ ಇಡ್ಲಿ ತಿಂದು, ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ನಲವತ್ತು ಕಿಲೋಮೀಟರಿನಷ್ಟು ದಾರಿ, ಹದಿನಾಲ್ಕು ರೂಪಾಯಿ ಟಿಕೆಟ್ಟು. ಕಂಡಕ್ಟರ್ ಪೆಟ್ಟಿಗೆಗೂ ಲಗೇಜು ಟಿಕೆಟ್ಟು ಹರಿಯಲು ನೋಡಿದ. ಇದನ್ನು ಕೆಳಗಿಟ್ಟರೆ ತಾನೇ ಲಗೇಜು, ನನ್ನ ತೊಡೆಯ ಮೇಲಿದ್ದರೆ ಮಗು ಇದ್ದ ಹಾಗೆ ಎಂದು ವಾದಿಸಿ ಗೆದ್ದೆ. ಗೆದ್ದ ತಪ್ಪಿಗೆ ಹಳೇಬೀಡಿನವರೆಗೂ ಹೊತ್ತುಕೊಂಡೇ ಕೂರಬೇಕಾಯಿತು. ತೆಂಗಿನ ತೋಟಗಳು, ಕೊಯ್ದ ರಾಗಿ ಹೊಲಗಳು, ಕಣದಲ್ಲಿ ಒಟ್ಟಿದ ಹುಲ್ಲಿನ ಮೆದೆಗಳು ಕಿಟಕಿಯಲ್ಲಿ ಹಿಂದೆ ಸರಿದವು. ಬೆಳಗಿನ ಚಳಿ ಹೋಗಿ ಬಿಸಿಲು ಚುರುಗುಟ್ಟಲು ಶುರುವಾಗಿತ್ತು.

ನಾಗರತ್ನಳ ಹೊಸ ಮನೆ ನೆಂಟರಿಂದ ತುಂಬಿ ತುಳುಕುತ್ತಿತ್ತು. ಹಾಗಾಗಿ ನನ್ನ ವಸತಿ ಪಕ್ಕದ ಪದ್ಮಾವತಮ್ಮನವರ ಮನೆಯಲ್ಲಿ. ಎಪ್ಪತ್ತು ದಾಟಿದ, ನೆಟ್ಟಗೆ ನಿಲ್ಲುವ ಹೆಂಗಸು. ಬಸದಿಗಳ ಬಳಿಯ ಹಳೆಯ ಜೈನ ಕುಟುಂಬ, ಮಗ ಧರಣೇಂದ್ರನದು ಕೊಬ್ಬರಿ ವ್ಯಾಪಾರ. ನಾನು ಹೋದಾಗ ಅವರು ಬಾವಿಕಟ್ಟೆಯಲ್ಲಿ ನೀರು ಸೋಸುತ್ತಿದ್ದರು. ದಪ್ಪನೆಯ ಬಟ್ಟೆಯನ್ನು ಎರಡು ಪದರ ಮಡಿಸಿ ಕೊಡದ ಬಾಯಿಗೆ ಹೊದಿಸಿ ನಿಧಾನವಾಗಿ ನೀರು ಸುರಿದರು. ಕೊಡ ತುಂಬಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಮೇಲಿಂದ ಹುಯ್ದು ತೊಳೆದು, ತೊಳೆದ ನೀರನ್ನು ಒಂದು ಪುಟ್ಟ ತಂಬಿಗೆಯಲ್ಲಿ ಹಿಡಿದು ಹಗ್ಗ ಕಟ್ಟಿ ಬಾವಿಯ ತಳದವರೆಗೆ ಇಳಿಸಿದರು. ಮೇಲಿಂದ ಸುರಿದುಬಿಟ್ಟರೆ ಆಗದೆ ಎಂದು ಕೇಳಿದೆ.

"ಅಷ್ಟೆತ್ತರದಿಂದ ನಿಮ್ಮನ್ನ ಎತ್ತಿ ಹಾಕಿದ್ರೆ ನಿಮ್ಗೆ ಪೆಟ್ಟಾಗಲ್ವೇನಮ್ಮ? ಎಲ್ಲಿಂದ ತಂದ್ವೋ ಅಲ್ಲಿಗೇ ನೋವಾಗದ ಹಾಗೆ ಬಿಟ್ಟು ಬರ್ಬೇಕು," ಎಂದರು.

ಊಟದ ವಿಷಯದಲ್ಲೂ ಹಾಗೆಯೇ. ಗೆಡ್ಡೆಗಳಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿರುತ್ತವೆ, ಅದಕ್ಕೆ ಆಲೂಗಡ್ಡೆ ಇಲ್ಲ, ಈರುಳ್ಳಿ ಇಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಐದೂವರೆಗೇ ಎಲೆ ಹಾಕಿಸಿಕೊಂಡು, ಹಸಿವೇ ಇಲ್ಲದಿದ್ದರೂ ಅವರ ಮಜ್ಜಿಗೆಹುಳಿಯ ರುಚಿಗೆ ಸೋತು ಹೊಟ್ಟೆ ಬಿರಿಯ ತಿಂದೆ.

ಊಟಕ್ಕೆ ಮೊದಲೇ ಕೆರೆಗೆ ಹೋಗಿ ಒಂದು ಬಾಟಲಿ ನೀರು ತಂದಿದ್ದೆ. ಸೂಕ್ಷ್ಮದರ್ಶಕಕ್ಕೆ ಕರೆಂಟು ಬೇಡ. ಕೆಳಗಿನ ಪುಟ್ಟ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದರೆ ಸಾಕು. ಜಗಲಿಯ ಕೊನೆಯ ಬಿಸಿಲಿನಲ್ಲಿ ಒಂದು ಹನಿ ಇಟ್ಟು ನೋಡಿದಾಗ ಎಂದಿನಂತೆ ಮೈಮರೆತೆ. ಚಪ್ಪಲಿಯ ಅಟ್ಟೆಯಂಥ ಪ್ಯಾರಮೀಸಿಯಂ ಮೈಯ ರೋಮಗಳನ್ನೆಲ್ಲ ಆಡಿಸುತ್ತ ಗಡಿಬಿಡಿಯಿಂದ ಓಡುತ್ತಿತ್ತು. ಗಾಜಿನ ಡಬ್ಬಿಯೊಳಗೆ ಸಂಸಾರ ಹೂಡಿದ ಡಯಾಟಂಗಳಿದ್ದವು. ಬಾಲ ಬೀಸುತ್ತ ಹೋಗುವ ಹಸಿರು ಯೂಗ್ಲೀನಾ ಇತ್ತು. ಒಂದೊಂದಕ್ಕೂ ಇರುವುದು ಒಂದೇ ಜೀವಕೋಶ. ಕೈಯಿಲ್ಲ, ಬಾಯಿಲ್ಲ, ಮಿದುಳಿಲ್ಲ, ಆದರೂ ಉಣ್ಣುತ್ತವೆ, ಓಡುತ್ತವೆ, ಒಂದು ಎರಡಾಗುತ್ತವೆ. ಹಸಿರಾಗಿರುವವು ಬಿಸಿಲುಂಡು ನಮಗೆ ಉಸಿರು ಕೊಡುತ್ತವೆ. ಮಿಕ್ಕವು ಸತ್ತದ್ದನ್ನು ತಿಂದು ಕೆರೆಯನ್ನು ಶುಚಿಯಾಗಿಡುತ್ತವೆ. ಪದ್ಮಾವತಮ್ಮನವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು.

"ಇಷ್ಟು ಜನ ಇದಾರಾ!" ಎಂದು ತಲೆಯೆತ್ತಿದವರು ನನ್ನನ್ನು ನೇರ ನೋಡಿ ಕೇಳಿದರು. "ನೋಡಿ ಆದ್ಮೇಲೆ ಇವನ್ನ ಏನ್ಮಾಡ್ತೀರಿ?"

ಯಾವಾಗಲೂ ಒರೆಸಿಬಿಡುತ್ತಿದ್ದವಳು ಅಂದು ಗಾಜಿನ ಪಟ್ಟಿಯನ್ನು ಬಾಟಲಿಯ ನೀರಿನಲ್ಲೇ ಅದ್ದಿ ತೊಳೆದೆ. ಅವರು ತಲೆಯಾಡಿಸಿ ದನದ ಕೊಟ್ಟಿಗೆಯ ಕಡೆ ಹೋದರು.

ಕೊಟ್ಟಿಗೆಯಲ್ಲಿದ್ದವಳು ಬೆಳ್ಳಿ. ನಾಡತಳಿಯ ಬಿಳಿ ಹಸು, ಮಹಾ ಸಾಧು. ಮೊಸಾಯಿಕ್ ನೆಲದ ಮೇಲೆ ಜಾರದೆ, ಹೆದರದೆ, ಗಂಭೀರವಾಗಿ ನಡೆಯುತ್ತದೆ ಎಂಬ ಕಾರಣಕ್ಕೆ ಊರಿನಲ್ಲಿ ಯಾರ ಗೃಹಪ್ರವೇಶವಾದರೂ ಬೆಳ್ಳಿಯನ್ನೇ ಕೇಳಿ ಕರೆದುಕೊಂಡು ಹೋಗುತ್ತಿದ್ದರು. ಪದ್ಮಾವತಮ್ಮ ಯಾರಿಗೂ ಇಲ್ಲ ಎಂದವರಲ್ಲ.

ಮರುದಿನ ನಸುಕಿನಲ್ಲೇ ನಾಗರತ್ನಳ ಮನೆಯಲ್ಲಿ ಪೂಜೆ ನಡೆಯಿತು. ಬೆಳ್ಳಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮದುವೆ ಹೆಣ್ಣಿನ ಹಾಗೆ ಹೊಸಿಲು ದಾಟಿ ಒಳಗೆ ಬಂದಿತು. ಆಮೇಲೆ ಶುರುವಾಯಿತು ನೋಡಿ ಉಪಚಾರ. ನಾಗರತ್ನಳ ಅತ್ತೆ ನೆನೆಸಿದ ಅಕ್ಕಿ ಬೆಲ್ಲ ತಿನ್ನಿಸಿದರು. ಓರಗಿತ್ತಿಯರು ಬಾಳೆಹಣ್ಣು ತಿನ್ನಿಸಿದರು. ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ, ಪುಣ್ಯದಲ್ಲಿ ತಮಗೂ ಪಾಲಿರಲಿ ಎಂದು, ಅನ್ನ, ಪಾಯಸ, ಒಬ್ಬಟ್ಟು ಹಿಡಿದರು. ನಾನೂ ಎರಡು ಬಾಳೆಹಣ್ಣು ಕೊಟ್ಟೆ. ಹಸುವಿನ ಹೊಟ್ಟೆಯ ವಿಷಯ ಪಾಠ ಹೇಳುವವಳೇ ಕೊಡುತ್ತಿರುವಾಗ ಮಿಕ್ಕವರನ್ನು ಏನನ್ನಲಿ! ಬೆಳ್ಳಿ ಸಂಕೋಚದ ನೆಂಟರ ಹಾಗೆ ಕೊಟ್ಟದ್ದನ್ನೆಲ್ಲ ತಿಂದಿತು.

ನಾವೂ ಉಂಡು ಮಧ್ಯಾಹ್ನ ಏಳೆಂಟು ಜನ ಬಸ್ಸು ಹತ್ತಿ ಬೇಲೂರಿಗೆ ಹೋದೆವು. ಹದಿನಾರು ಕಿಲೋಮೀಟರು, ಆರು ರೂಪಾಯಿ. ಗುಡಿಯ ಅಂಗಳದ ಕಲ್ಲು ಕಾದು ಬರಿಗಾಲಲ್ಲಿ ಕುಣಿಯುವಂತಾಗಿತ್ತು. ಎಲ್ಲರೂ ಕತ್ತು ನೋಯುವಷ್ಟು ಮೇಲಿನ ಮದನಿಕೆಯರನ್ನು ನೋಡುತ್ತಿದ್ದರೆ ನಾನು ಅಡಿಪಾಯದ ಆನೆಗಳ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಇಡೀ ಗುಡಿಯ ಭಾರ ಹೊತ್ತವು ಅವೇ, ಸಾಲು ಸಾಲಾಗಿ, ಒಂದರ ಹಾಗೆ ಇನ್ನೊಂದಿಲ್ಲ. ನನ್ನ ಏಕಕೋಶ ಜೀವಿಗಳ ಕೆಲಸವೂ ಅದೇ. ಹೊಲದ ಮಣ್ಣು, ಮೊಸರಿನ ಗಡಿಗೆ, ತಿಪ್ಪೆಗುಂಡಿ, ಸಮುದ್ರ, ಎಲ್ಲದರ ಕೆಳಗಿನ ಸಾಲಿನಲ್ಲಿ ಅವು ನಿಂತಿರುವುದರಿಂದ ಮೇಲೆ ನಾವು ಕುಣಿಯುತ್ತಿದ್ದೇವೆ. ಇದನ್ನು ನಾಗರತ್ನಳಿಗೆ ಹೇಳಿದೆ. "ಮೇಡಂ, ಇಲ್ಲೂ ಪಾಠಾನಾ?" ಎಂದು ನಕ್ಕು ಎಳನೀರು ಕೊಡಿಸಿದಳು.

ಸಂಜೆ ಹಿಂದಿರುಗಿದಾಗ ಪದ್ಮಾವತಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಬೆಳ್ಳಿ ಹುಲ್ಲು ಮುಟ್ಟಿರಲಿಲ್ಲ. ಎಡ ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮೆಲುಕು ಹಾಕುತ್ತಿರಲಿಲ್ಲ. ಬೆಳಗಾಗುವ ಹೊತ್ತಿಗೆ ಅದು ಮಲಗಿಬಿಟ್ಟಿತು. ಎಬ್ಬಿಸಿದರೂ ಏಳಲೊಲ್ಲದು. ಸುದ್ದಿ ಹೊಸ ಮನೆಗೆ ಮುಟ್ಟಿತು. ಹೊಸಿಲು ದಾಟಿ ಬಂದ ಹಸು ಮೂರು ದಿನದೊಳಗೆ ಸತ್ತರೆ ಆ ಮನೆಯಲ್ಲಿ ಬಾಳುವುದು ಹೇಗೆ ಎಂದು ಅತ್ತೆ ಕಣ್ಣೊರೆಸಿಕೊಂಡರು. ನಾಗರತ್ನಳಿಗೆ ಮನೆಯ ಚಿಂತೆಗಿಂತ ಪದ್ಮಾವತಮ್ಮನ ಮುಖ ನೋಡುವುದೇ ಕಷ್ಟವಾಗಿತ್ತು. ಆ ಅಜ್ಜಿ ಯಾರನ್ನೂ ಒಂದು ಮಾತು ಅನ್ನಲಿಲ್ಲ. "ಅದು ಮೆಲುಕು ಹಾಕೋವರ್ಗೂ ನಂಗೆ ಊಟ ಬೇಡ," ಎಂದಷ್ಟೇ ಹೇಳಿ ಹಸುವಿನ ಪಕ್ಕ ಕೂತುಬಿಟ್ಟರು. ಹೊತ್ತು ಮುಳುಗಿದ ಮೇಲೆ ಅವರು ಹೇಗೂ ಉಣ್ಣುವವರಲ್ಲ.

ಮಾದಿಹಳ್ಳಿ ಕಡೆಯಿಂದ ಪಶುವೈದ್ಯರು ಬೈಕಿನಲ್ಲಿ ಬಂದರು. ಮಂಜಪ್ಪ ಅಂತ, ಕಡಿಮೆ ಮಾತಿನ ಮನುಷ್ಯ. ಬೆಳ್ಳಿಯ ಬಾಯಿಗೆ ಅಡ್ಡಲಾಗಿ ಮರದ ತುಂಡು ಕೊಟ್ಟು, ರಬ್ಬರ್ ಕೊಳವೆಯನ್ನು ಹೊಟ್ಟೆಗೆ ಇಳಿಸಿ ಒಂದಿಷ್ಟು ರಸ ಹೊರತೆಗೆದರು. ಹುಳಿ ವಾಸನೆ ಮೂಗಿಗೆ ಬಡಿಯಿತು. ನಾನು ಪೆಟ್ಟಿಗೆ ತಂದು ಸೂಕ್ಷ್ಮದರ್ಶಕ ಇಟ್ಟೆ. ಅವರ ಮುಖ ಅರಳಿತು. "ಇದು ಇಲ್ಲಿ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ ಮೇಡಂ," ಎಂದು ಒಂದು ಹನಿ ಇಟ್ಟು ಕಣ್ಣಿಟ್ಟರು. ಆಮೇಲೆ ನಾನು ನೋಡಿದೆ. ದುಂಡು ದುಂಡು ದೇಹಗಳು ಅಲ್ಲಲ್ಲಿ ಬಿದ್ದಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ.

ಪದ್ಮಾವತಮ್ಮನಿಗೆ ಡಾಕ್ಟರು ವಿವರಿಸಿದರು. ಹಸು ತಾನಾಗಿ ಹುಲ್ಲು ಅರಗಿಸಿಕೊಳ್ಳಲಾರದು. ಅದರ ಹೊಟ್ಟೆಯೊಳಗೊಂದು ಬೆಚ್ಚನೆಯ ಕೆರೆಯಿದೆ. ಅದರಲ್ಲಿರುವ ಬಗೆಬಗೆಯ ಏಕಕೋಶ ಜೀವಿಗಳು ಹುಲ್ಲನ್ನು ಒಡೆದು ಹಸುವಿಗೆ ಆಹಾರ ಮಾಡಿಕೊಡುತ್ತವೆ. ಅನ್ನ ಬೆಲ್ಲ ಒಂದೇ ಸಲ ಬಿದ್ದಾಗ ಹುಳಿ ಬರಿಸುವ ಬ್ಯಾಕ್ಟೀರಿಯಾಗಳು, ಬೇಸಿಗೆಯ ದೋಸೆ ಹಿಟ್ಟು ಪಾತ್ರೆ ಮೀರಿ ಉಕ್ಕುವ ಹಾಗೆ, ವಿಪರೀತ ಹೆಚ್ಚಿಬಿಟ್ಟಿವೆ. ಆ ಹುಳಿಗೆ ಮಿಕ್ಕವೆಲ್ಲ ಸತ್ತಿವೆ.

"ಅಷ್ಟೂ ಜೀವ ಹೋಯ್ತಾ?" ಎಂದು ಪದ್ಮಾವತಮ್ಮ ಕೇಳಿದರು.

"ಹೋಗಿದಾವೆ. ಬೇರೆ ಹಸುವಿಂದ ತಂದು ಬಿಡ್ಬೇಕು," ಎಂದರು ಡಾಕ್ಟರು.

ಹುಳಿ ರಸ ಆದಷ್ಟು ತೆಗೆದು, ಸೋಡಾಪುಡಿ ಕಲಸಿದ ನೀರು ಕುಡಿಸಿ ಸೂಜಿ ಚುಚ್ಚಿದರು. ಎದುರು ಮನೆಯ ಸಣ್ಣಪ್ಪ ತಾನಾಗಿಯೇ ಬಂದ. "ನಮ್ ಹಸ ಐತಲ್ಲ ಡಾಕ್ಟ್ರೇ, ಬರೇ ಹುಲ್ಲು ತಿಂದು ಗಟ್ಟಿಮುಟ್ಟಾಗೈತೆ. ಎಷ್ಟ್ ಬೇಕೋ ತಗಳಿ," ಎಂದ. ಅವನ ಕೆಂದ ಹಸುವಿನ ಹೊಟ್ಟೆಯಿಂದ ಅರ್ಧ ಬಕೆಟ್ಟಿನಷ್ಟು ಹಸಿರುಗಂದು ರಸ ಬಂತು. ಅಷ್ಟರಲ್ಲಿ ಹುಲಿಕೆರೆಯಿಂದ ಒಬ್ಬ ಏದುಸಿರು ಬಿಡುತ್ತ ಬಂದ. ಅವನ ಎಮ್ಮೆಗೆ ಕರು ಅಡ್ಡ ಬಂದಿತ್ತು. ಡಾಕ್ಟರು ಹೋಗಲೇಬೇಕಾಯಿತು. ಕಸಕಡ್ಡಿ ತೆಗೆದು, ಮುಚ್ಚಿ ಬೆಚ್ಚಗಿಟ್ಟು, ಒಂದು ಗಂಟೆ ಬಿಟ್ಟು ಗೊಟ್ಟದಲ್ಲಿ ನಿಧಾನವಾಗಿ ಕುಡಿಸಿ ಎಂದು ಹೇಳಿ ಬೈಕು ಹತ್ತಿದರು. ಗೊಟ್ಟವೆಂದರೆ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ನಾನು ಹುಲಿಕೆರೆ ನೋಡಬೇಕೆಂದಿದ್ದ ದಿನ ಅದೇ ಆಗಿತ್ತು. ಹೊರಟಿದ್ದ ಡಾಕ್ಟರ ಕೈಗೆ ಒಂದು ಖಾಲಿ ಬಾಟಲಿ ತುರುಕಿ, ಕಲ್ಯಾಣಿಯ ನೀರು ತರುವಿರಾ ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ನನ್ನ ಚಾಳಿ ಬಿಡಲಿಲ್ಲ ನೋಡಿ.

ಗಂಟೆ ಕಳೆಯಿತು. ಧರಣೇಂದ್ರ ಬೆಳ್ಳಿಯ ಕತ್ತು ಎತ್ತಿ ಹಿಡಿದ, ಸಣ್ಣಪ್ಪ ಮೊದಲ ಗೊಟ್ಟ ಕುಡಿಸಿದ. ಎರಡನೆಯದಕ್ಕೆ ಮೊದಲು, ಆ ಜೀವಗಳನ್ನು ಒಮ್ಮೆ ಕಣ್ಣಾರೆ ನೋಡೋಣವೆಂದು ಬಕೆಟ್ಟಿನಿಂದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟೆ. ಕನ್ನಡಿ ತಿರುಗಿಸಿದೆ. ಬೆಳಕು ಚೆನ್ನಾಗಿಯೇ ಬಿತ್ತು, ಆದರೆ ಅಲ್ಲಿ ಏನೂ ಇರಲಿಲ್ಲ. ಇನ್ನೊಂದು ಹನಿ ಇಟ್ಟೆ. ಎಲ್ಲೋ ಒಂದು ಪುಟ್ಟದು ಚೂರು ಹೊರಳಿದಂತಾಯಿತು, ಅಷ್ಟೇ. ಬಕೆಟ್ಟು ತಣ್ಣಗಾಗಿ ಎಲ್ಲ ಸತ್ತವೋ ಎಂದುಕೊಂಡರೆ, ಸತ್ತ ದೇಹಗಳಾದರೂ ಕಾಣಬೇಕಲ್ಲ?

"ನಿಲ್ಸಪ್ಪ, ನಿಲ್ಸು," ಎಂದು ಸಣ್ಣಪ್ಪನ ಕೈ ಹಿಡಿದೆ. "ಪದ್ಮಾವತಮ್ಮ, ಇದಕ್ಕೆ ಏನಾದ್ರೂ ಹಾಕಿದ್ರಾ?"

"ಏನೂ ಹಾಕ್ಲಿಲ್ವಲ್ಲಮ್ಮ. ಡಾಕ್ಟ್ರು ಹೇಳಿದ ಹಾಗೆ ಕಸ ತೆಗ್ದೆ. ಸೋಸ್ದೆ."

"ಯಾವುದರಲ್ಲಿ?"

ಅವರು ಹಗ್ಗದ ಮೇಲೆ ಒಣಗಲು ಹಾಕಿದ್ದ ಬಟ್ಟೆ ತೋರಿಸಿದರು. ಅದೇ, ಬಾವಿಕಟ್ಟೆಯ ದಪ್ಪ ಬಟ್ಟೆ, ಎರಡು ಪದರ. ಡಾಕ್ಟರ ಮನಸ್ಸಿನಲ್ಲಿದ್ದದ್ದು ಹುಲ್ಲುಕಡ್ಡಿ ತಡೆಯುವ ತೆಳ್ಳನೆಯ ಬಟ್ಟೆ. ಈ ಮನೆಯಲ್ಲಿ ಸೋಸುವುದೆಂದರೆ ಒಂದು ಜೀವವೂ ಆಚೆ ಹೋಗದ ಹಾಗೆ ಸೋಸುವುದು. ಬೆಳ್ಳಿಗೆ ಬೇಕಾದ ದೊಡ್ಡ ಜೀವಗಳೆಲ್ಲ ಆ ಬಟ್ಟೆಯಲ್ಲಿ ನಿಂತುಹೋಗಿದ್ದವು. ಅವನ್ನು ಯಾರ ಹೊಟ್ಟೆಗೂ ಹೋಗಬಿಡಬಾರದೆಂದು ಅವರು ಬದುಕಿಡೀ ಮಾಡಿಕೊಂಡು ಬಂದ ಕೆಲಸವನ್ನೇ ಅಂದೂ ಮಾಡಿದ್ದರು. ಬಟ್ಟೆ ಒಣಗಿ ಗರಿಗರಿಯಾಗಿತ್ತು.

"ಬಟ್ಟೇಲಿ ಉಳಿದಿದ್ದು ಎಲ್ಲಿ?" ಎಂದು ಕೇಳುವಾಗ ಉತ್ತರ ಗೊತ್ತಿರಬೇಕಾಗಿದ್ದವಳು ನಾನೇ. ಮೊನ್ನೆ ಬಾವಿಕಟ್ಟೆಯಲ್ಲಿ ನೋಡಿದ್ದೆನಲ್ಲ.

"ಅದನ್ನ ಬಿಸಾಕ್ತಾರಾ? ಸೋಸಿದ ರಸದಲ್ಲೇ ಬಟ್ಟೆ ತೊಳ್ದು ತಂಬಿಗೇಲಿ ಹಿಡಿದಿಟ್ಟಿದೀನಿ. ತಣ್ಣಗಾಗ್ಬಾರ್ದು ಅಂದ್ರಲ್ಲ, ಅದಕ್ಕೆ ಬಚ್ಚಲು ಒಲೆ ಪಕ್ಕ ಮುಚ್ಚಿಟ್ಟಿದೀನಿ. ಸಣ್ಣಪ್ಪನ ಹಸೂದು ತಾನೆ ಅವು? ಅದಕ್ಕೇ ವಾಪಸ್ ಕುಡಿಸ್ಬೇಕು," ಎಂದರು ಪದ್ಮಾವತಮ್ಮ, ಇದೇನು ಕೇಳುವ ಮಾತೇ ಎಂಬಂತೆ.

ನಾಗರತ್ನ ಓಡಿಹೋಗಿ ದೊಡ್ಡ ತಂಬಿಗೆಯನ್ನು ಎದೆಗವಚಿಕೊಂಡು ತಂದಳು. ಮಂದವಾದ ಬೆಚ್ಚನೆಯ ಗಸಿ. ಒಂದು ಹನಿ ಇಟ್ಟು ಕಣ್ಣು ತಗ್ಗಿಸಿದೆ. ರೈಲು ಬಂದಾಗಿನ ಅರಸೀಕೆರೆ ಪ್ಲಾಟ್‌ಫಾರಮ್ಮು! ಜಾಗವೇ ಸಾಲದೆ ಒಂದನ್ನೊಂದು ನೂಕಿಕೊಂಡು ಓಡುತ್ತಿದ್ದವು. ಉದ್ದನೆಯವು, ದುಂಡನೆಯವು, ಮೈತುಂಬ ರೋಮದವು, ಮೂತಿಯ ಬಳಿ ಮಾತ್ರ ಕುಚ್ಚಿನಂತೆ ರೋಮವಿದ್ದವು, ಹಿಂದೆ ಮುಳ್ಳಿನಂಥ ಬಾಲವಿದ್ದವು. ಒಂದು ಹುಲ್ಲಿನ ಎಳೆಯನ್ನು ಅರ್ಧ ನುಂಗಿದ್ದ ಒಂದಂತೂ ಅದನ್ನು ಬಿಡಲೂ ಒಲ್ಲದೆ ಪೂರ್ತಿ ನುಂಗಲೂ ಆಗದೆ ಗಿರಕಿ ಹೊಡೆಯುತ್ತಿತ್ತು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಇವೆ, ಎಲ್ಲ ಇವೆ," ಎಂದು ಕೂಗಿದೆ.

ಪದ್ಮಾವತಮ್ಮನೂ ನೋಡಿದರು. ಮತ್ತೆ ಆ ನೇರ ನೋಟ. "ಬೆಳ್ಳಿ ಹೊಟ್ಟೇಲಿ ಇವು ಬದುಕ್ತಾವೇನಮ್ಮ? ಅಲ್ಲಿರೋವೆಲ್ಲ ಸತ್ತಿದಾವೆ ಅಂದ್ರಲ್ಲ. ಇವನ್ನೂ ಅಲ್ಲಿಗೆ ಕಳ್ಸಿ ಕೊಲ್ಲೋದಾದ್ರೆ ಬೇಡ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಸೋಡಾ ಕುಡಿಸಿ ಹುಳಿ ಇಳಿಸಿದ್ದಾರೆ, ಈಗ ಬದುಕುವ ಸಾಧ್ಯತೆ ಹೆಚ್ಚು, ಅವು ಬದುಕಿದರೆ ಮಾತ್ರ ಬೆಳ್ಳಿ ಬದುಕುತ್ತದೆ, ಬೆಳ್ಳಿ ಬದುಕಿದರೆ ಅವುಗಳಿಗೂ ಮನೆ ಸಿಗುತ್ತದೆ ಎಂದೆ. ಅವರು ಬೆಳ್ಳಿಯ ಹಣೆ ಸವರಿದರು. ಆಮೇಲೆ ಒಂದು ಲೋಟದಷ್ಟನ್ನು ಬೇರೆ ಎತ್ತಿಟ್ಟು, "ಇಷ್ಟು ಅವರ ಹಸೂಗೆ. ಮಿಕ್ಕಿದ್ದು ಕುಡಿಸು ಸಣ್ಣಪ್ಪ," ಎಂದರು. ಗಸಿಯನ್ನು ಬಕೆಟ್ಟಿನ ರಸಕ್ಕೆ ಬೆರೆಸಿ, ಅಷ್ಟನ್ನೂ ನಿಧಾನವಾಗಿ ಗೊಟ್ಟದಲ್ಲಿ ಕುಡಿಸಿದ್ದಾಯಿತು. ಎತ್ತಿಟ್ಟ ಲೋಟವನ್ನು ತನ್ನ ಕೆಂದ ಹಸುವಿಗೆ ಕುಡಿಸುವಾಗ ಸಣ್ಣಪ್ಪ, "ಕೊಟ್ಟಿದ್ದನ್ನ ವಾಪಸ್ ಇಸ್ಕೊಂಡ ಅಂತ ಯಾರೂ ಅನ್ಬೇಡ್ರಪ್ಪ," ಎಂದ. ಬೆಳಗಿನಿಂದ ಮೊದಲ ಸಲ ಎಲ್ಲರೂ ನಕ್ಕೆವು.

ನಾಲ್ಕರ ಸುಮಾರಿಗೆ ಡಾಕ್ಟರು ಹಿಂದಿರುಗಿದರು. ಹುಲಿಕೆರೆಯ ಎಮ್ಮೆಗೆ ಹೆಣ್ಣುಗರು, ತಾಯಿ ಮಗು ಕ್ಷೇಮ. ನನ್ನ ಬಾಟಲಿಯಲ್ಲಿ ಕಲ್ಯಾಣಿಯ ನೀರನ್ನೂ ಮರೆಯದೆ ತಂದಿದ್ದರು. ಬಟ್ಟೆಯ ಕಥೆ ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡರು, ತಂಬಿಗೆಯ ಕಥೆ ಕೇಳಿ ಕೈ ಇಳಿಸಿದರು. ಬೆಳ್ಳಿಯ ಎಡ ಹೊಟ್ಟೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿ, "ಶಬ್ದ ಶುರುವಾಗಿದೆ," ಎಂದರು. ನಾವೆಲ್ಲ ಸರದಿಯ ಮೇಲೆ ಕಿವಿ ಇಟ್ಟೆವು. ಒಳಗೆ ದೂರದಲ್ಲೆಲ್ಲೋ ಗುಡುಗಿದಂತಿತ್ತು.

ಬೆಳ್ಳಿ ಎದ್ದು ನಿಂತಿತು. ಒಂದು ಹಿಡಿ ಹುಲ್ಲು ಮೂಸಿ, ಎರಡೆಳೆ ಎಳೆದುಕೊಂಡಿತು. ಅಷ್ಟಕ್ಕೇ ಪದ್ಮಾವತಮ್ಮ ಒಪ್ಪಲಿಲ್ಲ. ಬಿಸಿಲು ಕೊಟ್ಟಿಗೆಯ ಹೆಂಚಿನಿಂದ ಮೇಲೇರಿ ತೆಂಗಿನ ಗರಿಗಳಿಗೆ ಹೋಯಿತು. ಪದ್ಮಾವತಮ್ಮನ ಸೊಸೆ ಅನ್ನ ಬಡಿಸಿಕೊಂಡು ಬಾಗಿಲಲ್ಲಿ ನಿಂತು ಒಮ್ಮೆ ಸೂರ್ಯನನ್ನೂ ಒಮ್ಮೆ ಹಸುವನ್ನೂ ನೋಡುತ್ತಿದ್ದಳು. ಆಗ ಬೆಳ್ಳಿಯ ಕತ್ತಿನಲ್ಲಿ ಒಂದು ಉಂಡೆ ಕೆಳಗಿಂದ ಮೇಲಕ್ಕೆ ಏರಿತು. ದವಡೆ ಪಕ್ಕಕ್ಕೆ ಸರಿಯಿತು, ಮತ್ತೆ ಸರಿಯಿತು, ಆಮೇಲೆ ನಿಲ್ಲಲಿಲ್ಲ.

"ಹಾಕ್ತು!" ಎಂದು ನಾಗರತ್ನಳ ಅತ್ತೆ ಕಿರುಚಿದರು. ನಾಗರತ್ನ ನನ್ನ ಹೆಗಲಿಗೆ ಮುಖ ಹಚ್ಚಿ ಅತ್ತಳು. ಪದ್ಮಾವತಮ್ಮ ಎದ್ದು ಕೈತೊಳೆದು, ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇದ್ದ ಹಾಗೆ, ಕೊಟ್ಟಿಗೆಯಲ್ಲೇ ಕೂತು ಉಂಡರು. ಅವರೂ ಹಸುವೂ ಎದುರುಬದುರಾಗಿ ಅಗಿಯುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ಬೆಳ್ಳಿಯ ಹೊಟ್ಟೆಯಿಂದ ಇನ್ನೊಂದು ಹನಿ ತೆಗೆದರು. ಹಿಂದಿನ ದಿನ ತಂಬಿಗೆಯಲ್ಲಿ ಕಂಡಷ್ಟು ಜಂಗುಳಿ ಇರಲಿಲ್ಲ, ಆದರೆ ಇದ್ದವು ಚುರುಕಾಗಿದ್ದವು. ಒಂದು ಆಗಲೇ ನಡುವೆ ಸಣ್ಣಗಾಗಿ ಎರಡಾಗಲು ಸಿದ್ಧವಾಗಿತ್ತು. ಹುಲಿಕೆರೆಯ ಕಲ್ಯಾಣಿಯನ್ನು ನಾನು ಕಣ್ಣಿಂದ ನೋಡಲೇ ಇಲ್ಲ. ಅದರ ನೀರನ್ನು ಜಗಲಿಯ ಬಿಸಿಲಿನಲ್ಲಿ ಕೂತು ಹನಿಹನಿಯಾಗಿ ನೋಡಿದೆ. ಕೆರೆಯಲ್ಲಿ ಕಾಣದ ಎಷ್ಟೋ ಬಗೆಗಳು ಅದರಲ್ಲಿದ್ದವು. ಪದ್ಮಾವತಮ್ಮ ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ನೋಡಿ ಆದ್ಮೇಲೆ ಏನ್ಮಾಡ್ತೀರಿ ಎಂದು ಈ ಸಲ ಕೇಳಲಿಲ್ಲ. ನಾನೇ ಗಾಜನ್ನು ಆ ನೀರಿನಲ್ಲೇ ತೊಳೆದು, ಬಾಟಲಿಗೆ ಮುಚ್ಚಳ ಹಾಕಿ ಡಾಕ್ಟರ ಕೈಗೆ ಕೊಟ್ಟೆ. ಕರು ನೋಡಲು ಅವರು ಹೇಗೂ ಹುಲಿಕೆರೆಗೆ ಹೋಗುವವರಿದ್ದರು. "ಮೇಲಿಂದ ಸುರೀಬೇಡಿ, ಮೆಟ್ಟಿಲಿಳಿದು ನೀರಿನ ಹತ್ರ ಹೋಗಿ ಬಿಡಿ," ಎಂದೆ. ಕೆರೆಯ ನೀರನ್ನು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನಾನೇ ಬಗ್ಗಿ ಕೆರೆಗೆ ಬಿಟ್ಟೆ.

ಅರಸೀಕೆರೆಯ ಬಸ್ಸು ನಾಗರತ್ನಳ ಮನೆಯ ಮುಂದೆಯೇ ಹಾದುಹೋಯಿತು. ಬೆಳ್ಳಿ ಬಿಸಿಲು ಕಾಯುತ್ತ ನಿಂತಿತ್ತು. ಅತ್ತೆ ಮತ್ತೆ ಒಂದು ಬಾಳೆಹಣ್ಣು ಹಿಡಿದು ಹತ್ತಿರ ಹೋಗುತ್ತಿದ್ದರು, ಪದ್ಮಾವತಮ್ಮ ಕೈ ಅಡ್ಡ ಮಾಡಿ ಹುಲ್ಲಿನ ಕಡೆ ತೋರಿಸುತ್ತಿದ್ದರು. ಇಬ್ಬರ ನಡುವೆ ಹಸುವಿನ ದವಡೆ ಒಂದೇ ಸಮನೆ ಆಡುತ್ತಿತ್ತು. ನನ್ನ ತೊಡೆಯ ಮೇಲೆ ಅದೇ ಪೆಟ್ಟಿಗೆ, ಕಾಲ ಬಳಿ ಚೀಲದಲ್ಲಿ ಖಾಲಿ ಬಾಟಲಿಗಳು. ಬಸ್ಸು ತಿರುವಿನಲ್ಲಿ ಹೊರಳಿದಾಗ ಅವು ಒಂದಕ್ಕೊಂದು ತಾಗಿ ಟಣ್ಣೆಂದವು. ಪಕ್ಕದ ಹೆಂಗಸು ಚೀಲ ನೋಡಿ, "ಏನಮ್ಮ, ಎಲ್ಲಾ ಖಾಲಿ?" ಎಂದಳು.

"ಹೂಂ ಕಣಮ್ಮ, ಎಲ್ಲರನ್ನೂ ಅವರವರ ಮನೆಗೆ ಬಿಟ್ಟು ಬಂದೆ," ಎಂದೆ.